ಕಾರಿನ ಕಾರ್ಪೆಟ್‌ಗೆ ಅಂಟಿದ ಚೂಯಿಂಗ್ ಗಮ್ ತೆಗೆಯುವುದು ಹೇಗೆ?

ಓದುಗರ ಪ್ರಶ್ನೆ: ಕಾರಿನ ಹಿಂದಿನ ಸೀಟಿನ ಹತ್ತಿರ ಕಾರ್ಪೆಟ್ ಮೇಲೆ ಮಕ್ಕಳು ಚೂಯಿಂಗ್ ಗಮ್ ಬೀಳಿಸಿ ತುಳಿದಿದ್ದಾರೆ. ಬಿಸಿನೀರು, ಸೋಪಿನ ಪುಡಿ ಹಾಕಿ ಬ್ರಷ್‌ನಲ್ಲಿ ಚೆನ್ನಾಗಿ ಉಜ್ಜಿದೆ. ಹೋಗುವ ಬದಲು ಅಂಗೈ ಅಗಲ ಹರಡಿಕೊಂಡಿತು. ಪೆಟ್ರೋಲ್ ಹಾಕಿದರೆ ಹೋಗುತ್ತದೆ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಹಾಕಬಹುದಾ?

ಬೇಡ, ಪೆಟ್ರೋಲ್ ಖಂಡಿತ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಬ್ರಷ್ ಪಕ್ಕಕ್ಕಿಟ್ಟು, ಫ್ರೀಜರಿನಲ್ಲಿ ಒಂದು ಟ್ರೇ ಐಸ್ ಇದೆಯಾ ನೋಡಿ. ಇಲ್ಲದಿದ್ದರೆ ಈಗಲೇ ನೀರು ತುಂಬಿಸಿಡಿ. ಬಿಸಿನೀರು ಗಮ್ಮನ್ನು ಮೆದು ಮಾಡಿತು, ಬ್ರಷ್ ಅದನ್ನು ಎಳೆಗಳ ಸಂದಿಗೆ ತಳ್ಳಿತು. ನಿಮ್ಮ ಕಾರ್ಪೆಟ್‌ನಲ್ಲಿ ಆಗಿರುವುದು ಇಷ್ಟೇ. ಇನ್ನೂ ಸರಿಪಡಿಸಬಹುದು, ಸ್ವಲ್ಪ ಸಮಯ ಜಾಸ್ತಿ ಹಿಡಿಯುತ್ತದೆ.

ಕಾಫಿಯೋ ಸಾಂಬಾರೋ ಚೆಲ್ಲಿದಾಗ ಸೋಪುನೀರು ಕೆಲಸ ಮಾಡುತ್ತದೆ. ಗಮ್ ವಿಷಯದಲ್ಲಿ ಮಾಡುವುದಿಲ್ಲ. ಗಮ್‌ನಲ್ಲಿ ನೀರಿಗೆ ಕರಗುವಂಥದ್ದು ಏನಿತ್ತೋ, ಅಂದರೆ ಸಕ್ಕರೆ ಮತ್ತು ರುಚಿ, ಅದೆಲ್ಲ ಅಗಿಯುವಾಗಲೇ ಹೊಟ್ಟೆಗೆ ಹೋಗಿರುತ್ತದೆ. ಕೊನೆಗೆ ಕೆಳಗೆ ಬೀಳುವುದು ಹೆಚ್ಚುಕಡಿಮೆ ಬರೀ ರಬ್ಬರು. ಅರ್ಧ ಗಂಟೆ ಬಾಯಲ್ಲಿ ಇಟ್ಟುಕೊಂಡರೂ ಜೊಲ್ಲಿಗೆ ಕರಗದ ವಸ್ತು ಬಕೆಟ್ ನೀರಿಗೆ ಕರಗುತ್ತದೆಯೇ?

ಹಿಂದೆ ಈ ರಬ್ಬರು ಮರದಿಂದ ಬರುತ್ತಿತ್ತು. ನಮ್ಮ ತೋಟಗಳಲ್ಲಿರುವ ಸಪೋಟ ಮರ ಇದೆಯಲ್ಲ, ಅದರ ಮೂಲ ಊರು ಮೆಕ್ಸಿಕೊ, ಗ್ವಾಟೆಮಾಲಾ ಕಡೆ. ಅಲ್ಲಿ ಮರದ ತೊಗಟೆಗೆ ಕಚ್ಚು ಹಾಕಿ, ಒಸರುವ ಬಿಳಿ ಹಾಲನ್ನು ಕಾಯಿಸಿ ಗಟ್ಟಿ ಮಾಡುತ್ತಿದ್ದರು. ಸಪೋಟ ಕಾಯಿ ಕಿತ್ತಾಗ ಕೈಗೆ ಅಂಟುವ ಹಾಲು ಎಷ್ಟು ತೊಳೆದರೂ ಹೋಗುವುದಿಲ್ಲ ಅಲ್ವಾ? ಅದೇ ಹಾಲು. ಎರಡನೇ ಮಹಾಯುದ್ಧದ ನಂತರ ಕಂಪನಿಗಳು ಕಾರ್ಖಾನೆಯಲ್ಲಿ ತಯಾರಾಗುವ ಪಾಲಿಮರ್‌ಗಳಿಗೆ ಬದಲಾದವು. ಈಗ ಗಮ್‌ನ ಒಳಗಿರುವುದು ಬ್ಯುಟೈಲ್ ರಬ್ಬರ್, ಪಾಲಿವಿನೈಲ್ ಅಸಿಟೇಟ್‌ನಂಥವು. ಬ್ಯುಟೈಲ್ ರಬ್ಬರ್ ಗಾಡಿಗಳ ಟ್ಯೂಬಿಗೂ ಬೇಕು. ಪಾಲಿವಿನೈಲ್ ಅಸಿಟೇಟ್ ಬಡಗಿಗಳು ಮರ ಅಂಟಿಸುವ ಬಿಳಿ ಗೋಂದಿನಲ್ಲೂ ಇರುತ್ತದೆ. ಒಂದು ಟ್ಯೂಬು, ಒಂದು ಗೋಂದು. ಇವೆರಡೂ ಸೇರಿದ ವಸ್ತುವಿಗೆ ಸೋಪಿನ ಪುಡಿ ಏನು ಮಾಡೀತು?

ಈ ರಬ್ಬರಿಗೆ ಒಂದು ದೌರ್ಬಲ್ಯ ಇದೆ. ಬಿಸಿಯಾದರೆ ಮೆದು, ತಣ್ಣಗಾದರೆ ಗಟ್ಟಿ. ಬಾಯಿಯ ಬಿಸಿ ಸುಮಾರು 37 ಡಿಗ್ರಿ. ಆ ಬಿಸಿಗೆ ಹಿತವಾಗಿ ಮೆದುವಾಗುವಂತೆಯೇ ಅದನ್ನು ತಯಾರಿಸಿರುತ್ತಾರೆ. ಹೊರಗೆ 35 ಡಿಗ್ರಿ ಬಿಸಿಲಿದ್ದರೆ, ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ 50 ಡಿಗ್ರಿ ದಾಟುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳ ಬಗ್ಗೆ ಹೇಳುವುದೇ ಬೇಡ. ಹಾಗಾಗಿ ಮನೆಯ ಕಾರ್ಪೆಟ್‌ಗಿಂತ ಕಾರಿನ ಕಾರ್ಪೆಟ್ ವಿಷಯದಲ್ಲಿ ತಡ ಮಾಡಬಾರದು. ಒಂದೊಂದು ಮಧ್ಯಾಹ್ನವೂ ಗಮ್ ಇನ್ನಷ್ಟು ಕೆಳಕ್ಕೆ ಇಳಿಯುತ್ತಿರುತ್ತದೆ. ಕೆಲಸವನ್ನು ಬೆಳಿಗ್ಗೆ ಬೇಗ, ಕಾರು ನೆರಳಲ್ಲಿರುವಾಗ ಮಾಡಿ.

ಈಗ ಐಸ್. ನೇರವಾಗಿ ಕಾರ್ಪೆಟ್ ಮೇಲೆ ಇಡಬೇಡಿ, ಕರಗಿ ನೀರಾಗುತ್ತದೆ. ತೂತಿಲ್ಲದ ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಐದಾರು ಐಸ್ ತುಂಡು ಹಾಕಿ, ಬಾಯಿ ಕಟ್ಟಿ, ಗಮ್ ಮೇಲೆ ಒತ್ತಿ ಇಡಿ. ಮೇಲೊಂದು ಭಾರದ ಡಬ್ಬಿ ಇಟ್ಟರೆ ಕೈ ನೋಯುವುದಿಲ್ಲ. ಹತ್ತು ಹದಿನೈದು ನಿಮಿಷ ಬೇಕು. ಉಗುರಿನಿಂದ ಕುಟ್ಟಿದರೆ ಟಕ್ ಟಕ್ ಅನ್ನಬೇಕು, ಉಗುರು ಒಳಗೆ ಇಳಿಯಬಾರದು. ಐಸ್ ಸಾಲುತ್ತಿಲ್ಲ ಅನ್ನಿಸಿದರೆ ಕವರಿಗೆ ಒಂದು ಹಿಡಿ ಉಪ್ಪು ಸೇರಿಸಿ. ಕುಲ್ಫಿ ಗಾಡಿಯವರು ಮಾಡುವುದು ಇದನ್ನೇ. ಉಪ್ಪು ಸೇರಿದ ಐಸ್ ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಕ್ಕೆ ಹೋಗುತ್ತದೆ. ಆದರೆ ಆಗ ಎರಡು ಕವರ್ ಹಾಕಿ, ಉಪ್ಪುನೀರು ಕಾರಿನ ತಳದ ತಗಡಿಗೆ ತಾಗಿದರೆ ತುಕ್ಕು.

ಗಟ್ಟಿಯಾದ ಮೇಲೆ ಚಮಚದ ಹಿಂಬದಿಯಿಂದ ಮೆಲ್ಲಗೆ ಕುಟ್ಟಿ ಒಡೆಯಿರಿ. ಹಳೆಯ ಎಟಿಎಂ ಕಾರ್ಡ್ ಅಥವಾ ಬೆಣ್ಣೆ ಸವರುವ ಮೊಂಡ ಚಾಕು ತೆಗೆದುಕೊಂಡು, ಅಂಚಿನಿಂದ ನಡುವಿನ ಕಡೆಗೆ ಎಬ್ಬಿಸಿ. ಇಡೀ ಗಮ್ ಒಂದೇ ಸಲಕ್ಕೆ ಬರಲಿ ಅಂತ ಎಳೆಯಬೇಡಿ. ನಮ್ಮಲ್ಲಿ ಓಡಾಡುವ ಬಹಳಷ್ಟು ಕಾರುಗಳ ಕಾರ್ಪೆಟ್ ನೇಯ್ದದ್ದಲ್ಲ, ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಎಳೆಗಳನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ಒತ್ತಿದ ಫೆಲ್ಟ್. ಎಳೆದರೆ ಹತ್ತಿಯಂತೆ ಕಿತ್ತು ಬರುತ್ತದೆ, ಅಲ್ಲಿ ಬೋಳು ಕಾಣುತ್ತದೆ. ಎರಡು ನಿಮಿಷದಲ್ಲಿ ಗಮ್ ಮತ್ತೆ ಮೆದುವಾಗತೊಡಗುತ್ತದೆ. ಆಗ ನಿಲ್ಲಿಸಿ, ಮತ್ತೆ ಐಸ್ ಇಡಿ. ಒಡೆದ ಚೂರುಗಳನ್ನು ಆಗಾಗ ವ್ಯಾಕ್ಯೂಮ್ ಮಾಡಿ, ಇಲ್ಲವೇ ಅಗಲದ ಟೇಪ್ ಒತ್ತಿ ಎತ್ತಿ. ಹಾಗೇ ಬಿಟ್ಟರೆ ಒಂದು ಗಮ್ ಇದ್ದ ಕಡೆ ಹತ್ತು ಅಂಟಿಕೊಳ್ಳುತ್ತವೆ. ಈ ಒಂದು ಹಂತಕ್ಕೆ ತಾಳ್ಮೆ ಕೊಟ್ಟರೆ ಮುಕ್ಕಾಲು ಕೆಲಸ ಮುಗಿಯಿತು.

ಅಂಟಿರುವುದು ಬಿಚ್ಚಿ ತೆಗೆಯುವ ಮ್ಯಾಟ್‌ಗಾದರೆ ನಿಮ್ಮ ಅದೃಷ್ಟ. ಧೂಳು ಕೊಡವಿ, ಕವರಿನಲ್ಲಿ ಸುತ್ತಿ, ಒಂದೆರಡು ಗಂಟೆ ಫ್ರೀಜರಿನಲ್ಲಿಡಿ. ಮನೆಯವರು ಬೈದರೆ ನಾನು ಜವಾಬ್ದಾರನಲ್ಲ.

ಇಷ್ಟಾದ ಮೇಲೂ ಎಳೆಗಳ ಮೇಲೆ ತೆಳ್ಳಗೆ ಅಂಟು ಉಳಿಯುತ್ತದೆ. ನಿಮ್ಮ ಕಾರ್ಪೆಟ್‌ನಲ್ಲಿ ಈ ಭಾಗವೇ ಜಾಸ್ತಿ, ಉಜ್ಜಿ ಹರಡಿದ್ದೀರಲ್ಲ. ಇದಕ್ಕೆ ಐಸ್ ಸಾಲದು, ಕರಗಿಸುವಂಥದ್ದು ಬೇಕು. ನನ್ನ ಮೊದಲ ಆಯ್ಕೆ ನೀಲಗಿರಿ ಎಣ್ಣೆ. ಊಟಿಗೆ ಹೋದವರು ತಂದುಕೊಟ್ಟ ಒಂದು ಪುಟ್ಟ ಬಾಟಲಿ ಎಷ್ಟೋ ಮನೆಗಳಲ್ಲಿ ನೆಗಡಿಗೆ ಕಾಯುತ್ತಾ ಕೂತಿರುತ್ತದೆ. ಇಲ್ಲದಿದ್ದರೆ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಅದು ಗಮ್ಮಿನ ರಬ್ಬರನ್ನು ಸಡಿಲಿಸುತ್ತದೆ. ಅಡುಗೆ ಎಣ್ಣೆಯಂತೆ ಅಲ್ಲೇ ಕೂರುವುದಿಲ್ಲ, ಬಹುಪಾಲು ಆರಿಹೋಗುತ್ತದೆ.

ಸೀಟಿನ ಕೆಳಗೆ ಕಾಣದ ಒಂದು ಮೂಲೆಯಲ್ಲಿ ಮೊದಲು ಒಂದು ಹನಿ ಹಾಕಿ ನೋಡಿ, ಬಣ್ಣ ಬಟ್ಟೆಗೆ ಬರುತ್ತಿದೆಯಾ ಅಂತ. ಬರದಿದ್ದರೆ ಬಿಳಿ ಬಟ್ಟೆಗೆ ನಾಲ್ಕಾರು ಹನಿ ಹಾಕಿಕೊಂಡು ಅಂಟಿನ ಮೇಲೆ ಒತ್ತಿ. ಐದು ನಿಮಿಷ ಬಿಡಿ. ಅಂಟು ಲೋಳೆಯಾಗುತ್ತದೆ. ಆಗ ಬಟ್ಟೆಯ ಒಣ ಭಾಗದಿಂದ ಚಿವುಟಿ ಎತ್ತಿ, ಉಜ್ಜಬೇಡಿ. ಪ್ರತಿ ಸಲ ಬಟ್ಟೆಯ ಹೊಸ ಜಾಗ ಬಳಸಿ. ಎಲ್ಲಾ ಬಾಗಿಲು ತೆಗೆದಿರಲಿ. ಇದು ಬೆಂಕಿ ಹತ್ತುವ ಎಣ್ಣೆ, ಹತ್ತಿರ ಸಿಗರೇಟು, ಊದುಬತ್ತಿ ಬೇಡ. ಮಕ್ಕಳ ಕೈಗೆ ಬಾಟಲಿ ಸಿಗಬಾರದು, ಸ್ವಲ್ಪ ಕುಡಿದರೂ ವಿಷ. ಪ್ಲಾಸ್ಟಿಕ್ ಭಾಗಗಳಿಗೆ ತಾಗಿದರೆ ತಕ್ಷಣ ಒರೆಸಿ, ಹೊಳಪು ಹೋಗಬಹುದು.

ನೀಲಗಿರಿ ಎಣ್ಣೆ ಸಿಗದಿದ್ದರೆ ಕೊರೋನಾ ಕಾಲದಿಂದ ಉಳಿದಿರುವ ನೀರಿನಂಥ ಸ್ಯಾನಿಟೈಸರ್ ಪ್ರಯತ್ನಿಸಿ. ಅದರ ಆಲ್ಕೊಹಾಲ್ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ, ಬೇಗ ಆರುತ್ತದೆ. ಜೆಲ್ ಬೇಡ, ಅದೇ ಇನ್ನೊಂದು ಅಂಟು. ತೆಂಗಿನೆಣ್ಣೆಯಿಂದಲೂ ಗಮ್ ಬಿಡುತ್ತದೆ, ಕೂದಲಿಗೆ ಅಂಟಿದಾಗ ಅದೇ ಒಳ್ಳೆಯದು. ಕಾರ್ಪೆಟ್‌ನಲ್ಲಿ ಮಾತ್ರ ಜಿಡ್ಡು ಉಳಿದು, ತಿಂಗಳೊಳಗೆ ಅಲ್ಲಿ ಧೂಳು ಕೂತು ಕಪ್ಪು ವೃತ್ತವಾಗುತ್ತದೆ. ಬೇರೆ ದಾರಿಯೇ ಇಲ್ಲದಾಗ ಬಳಸಿ. ವಿನೆಗರ್‌ನ ಹೆಸರು ಎಲ್ಲ ಕಡೆ ಕೇಳುತ್ತೀರಿ. ನನಗಂತೂ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಕಾರಿನಲ್ಲಿ ಉಪ್ಪಿನಕಾಯಿ ವಾಸನೆ ಬರುವುದು ಮಾತ್ರ ಗ್ಯಾರಂಟಿ.

ಕೊನೆಗೆ ಜಿಡ್ಡು ತೆಗೆಯಲು ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಅರ್ಧ ಲೋಟ ನೀರು. ನೊರೆ ಮಾಡಿ, ನೊರೆಯನ್ನಷ್ಟೇ ಬಟ್ಟೆಯಲ್ಲಿ ತೆಗೆದುಕೊಂಡು ಒರೆಸಿ. ನಂತರ ಹಿಂಡಿದ ಒದ್ದೆ ಬಟ್ಟೆ, ನಂತರ ಒಣ ಬಟ್ಟೆ. ಚೊಂಬುಗಟ್ಟಲೆ ನೀರು ಸುರಿಯಬೇಡಿ. ನೀವು ಬಿಸಿನೀರು ಹಾಕಿದ್ದೀರಿ ಅಂದಿದ್ದಕ್ಕೆ ಇದನ್ನು ಒತ್ತಿ ಹೇಳುತ್ತಿದ್ದೇನೆ. ಕಾರ್ಪೆಟ್ ಕೆಳಗೆ ಸದ್ದು ತಡೆಯಲು ಫೋಮ್ ಅಥವಾ ದಪ್ಪ ಫೆಲ್ಟ್ ಇರುತ್ತದೆ. ಅದು ನೀರು ಕುಡಿದರೆ ಮೇಲೆ ಒಣಗಿದಂತೆ ಕಂಡರೂ ಕೆಳಗೆ ಒದ್ದೆಯೇ. ಮಂಗಳೂರು, ಮಡಿಕೇರಿಯ ಮಳೆಗಾಲದಲ್ಲಂತೂ ವಾರಗಟ್ಟಲೆ ಒಣಗದೆ ಬೂಸಲು ಹಿಡಿದು, ಎಸಿ ಹಾಕಿದಾಗೆಲ್ಲ ವಾಸನೆ. ಅದರ ಕೆಳಗೆ ತಗಡು, ಪಕ್ಕದಲ್ಲೇ ವೈರುಗಳು. ಮುಂದಿನ ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಅಥವಾ ಸೀಟ್ ಬೆಲ್ಟ್‌ನ ವ್ಯವಸ್ಥೆಗೆ ಸೇರಿದ್ದು. ಅದನ್ನು ಬಿಚ್ಚುವುದೂ ಬೇಡ, ಒದ್ದೆ ಮಾಡುವುದೂ ಬೇಡ. ನೀವು ನೀರು ಹಾಕಿದ ಜಾಗವನ್ನು ಇವತ್ತೇ ಒಣ ಟವೆಲ್ ಇಟ್ಟು ಕಾಲಿನಿಂದ ಒತ್ತಿ ನೋಡಿ. ಟವೆಲ್ ಒದ್ದೆಯಾದರೆ, ಬಾಗಿಲು ತೆಗೆದು ಒಂದು ದಿನ ಟೇಬಲ್ ಫ್ಯಾನ್ ಬಿಡಿ.

ಇನ್ನು ಪೆಟ್ರೋಲ್. ಅದು ಗಮ್ಮನ್ನು ಕರಗಿಸುತ್ತದೆ, ಪಕ್ಕದ ಮನೆಯವರು ಸುಳ್ಳು ಹೇಳಿಲ್ಲ. ಜೊತೆಗೆ ಕಾರ್ಪೆಟ್ ಹಿಂಬದಿಯ ಅಂಟನ್ನೂ ಕರಗಿಸುತ್ತದೆ. ಫೋಮ್‌ಗೆ ಇಳಿದ ಪೆಟ್ರೋಲ್ ಬೇಗ ಹೋಗುವುದಿಲ್ಲ. ಬಿಸಿಲಿಗೆ ನಿಂತ ಮುಚ್ಚಿದ ಕಾರಿನಲ್ಲಿ ಅದರ ಆವಿ ತುಂಬಿಕೊಂಡರೆ ಒಂದು ಕಿಡಿ ಸಾಕು. ಸೀಮೆಎಣ್ಣೆ, ಥಿನ್ನರ್, ನೇಲ್ ಪಾಲಿಶ್ ರಿಮೂವರ್‌ಗೂ ಇದೇ ಉತ್ತರ. ಕಾಗದ ಇಟ್ಟು ಇಸ್ತ್ರಿ ಮಾಡುವ ಉಪಾಯವೂ ಬೇಡ. ಪಾಲಿಪ್ರೊಪಿಲೀನ್ ಎಳೆ ಸುಮಾರು 160 ಡಿಗ್ರಿಗೆ ಕರಗುತ್ತದೆ, ಹತ್ತಿ ಬಟ್ಟೆಗೆ ಇಡುವ ಇಸ್ತ್ರಿ ಪೆಟ್ಟಿಗೆ 200 ಡಿಗ್ರಿ ಹತ್ತಿರ ಇರುತ್ತದೆ. ಗಮ್ ಹೋಗಿ, ಅದರ ಜಾಗದಲ್ಲಿ ಪ್ಲಾಸ್ಟಿಕ್ ಹೊಪ್ಪಳೆ ಕೂತಿರುತ್ತದೆ.

ತಿಂಗಳಾನುಗಟ್ಟಲೆ ತುಳಿದು ಕಪ್ಪಗಾದ ಗಮ್ ಆದರೆ ಐಸ್ ಒಂದರಿಂದಲೇ ಬರುವುದು ಕಷ್ಟ. ಐಸ್, ಎಣ್ಣೆ, ಮತ್ತೆ ಐಸ್ ಅಂತ ಎರಡು ಮೂರು ದಿನ ಬಿಟ್ಟು ಬಿಟ್ಟು ಮಾಡಿ. ಕೊನೆಗೆ ತುದಿಯಲ್ಲಿ ಅಂಟಿದ ನಾಲ್ಕು ಎಳೆ ಉಳಿದರೆ ಚಿಕ್ಕ ಕತ್ತರಿಯಿಂದ ಮೇಲ್ಮಟ್ಟಕ್ಕೆ ಕತ್ತರಿಸಿಬಿಡಿ, ಯಾರಿಗೂ ಕಾಣುವುದಿಲ್ಲ. ಇದೂ ಆಗದಿದ್ದರೆ ಕಾರಿನ ಒಳಭಾಗ ಶುಚಿ ಮಾಡುವ ಅಂಗಡಿಗೆ ಕೊಡಿ. ಕೊಡುವಾಗ ಎರಡು ಪ್ರಶ್ನೆ ಕೇಳಿ: ಯಾವ ದ್ರಾವಣ ಹಾಕುತ್ತೀರಿ, ಕಾರ್ಪೆಟ್ ಒಣಗಿಸುವುದು ಹೇಗೆ? ಎರಡನೆಯದಕ್ಕೆ ‘ಬಿಸಿಲಿಗೆ ನಿಲ್ಲಿಸಿ ಸಾರ್, ತಾನೇ ಒಣಗುತ್ತೆ’ ಅಂದರೆ ಬೇರೆ ಅಂಗಡಿ ನೋಡಿ.