ಥಿಸಲ್‌ಗಾರ್ಮ್: ಹಗ್ಗ ಎಲ್ಲಿಗೆ ಕಟ್ಟಬೇಕೆಂಬ ತಕರಾರು

ಈಜಿಪ್ಟಿನ ಕೆಂಪು ಸಮುದ್ರದಲ್ಲಿ, ಸುಮಾರು 30 ಮೀಟರ್ ಆಳದ ಮರಳಿನ ಮೇಲೆ ಬ್ರಿಟನ್ನಿನ ಸರಕು ಹಡಗೊಂದು ಕೂತಿದೆ. ಹೆಸರು ಎಸ್‌ಎಸ್ ಥಿಸಲ್‌ಗಾರ್ಮ್. ಡೈವರ್‌ಗಳು ಮುಗಿಬೀಳುವ ಮುಳುಗಡೆ ಹಡಗುಗಳಲ್ಲಿ ಇದಕ್ಕೆ ಮೊದಲ ಸಾಲಿನ ಜಾಗ. ಇದನ್ನು ಉಳಿಸಿಕೊಳ್ಳಬೇಕು ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಹಾಗಾದರೆ ಬೋಟಿನ ಹಗ್ಗ ಎಲ್ಲಿಗೆ ಕಟ್ಟೋಣ ಎಂದಾಗ ತಕರಾರು ಶುರುವಾಗುತ್ತದೆ.

1940ರಲ್ಲಿ ಸಂಡರ್‌ಲ್ಯಾಂಡ್‌ನಲ್ಲಿ ಕಟ್ಟಿದ ಹಡಗು. ಉತ್ತರ ಆಫ್ರಿಕದ ಬ್ರಿಟಿಷ್ ಪಡೆಗೆ ಬೆಡ್‌ಫರ್ಡ್ ಲಾರಿ, ಬಿಎಸ್‌ಎ ಮೋಟಾರ್‌ಸೈಕಲ್, ರೈಫಲ್, ರಬ್ಬರ್ ಬೂಟು, ಮದ್ದುಗುಂಡು, ಜೊತೆಗೆ ಎರಡು ಉಗಿ ರೈಲು ಎಂಜಿನ್ ಹೊತ್ತು, ಆಫ್ರಿಕವನ್ನೇ ಸುತ್ತಿಕೊಂಡು ಬಂದು, ಸೂಯೆಜ್ ದಾರಿ ತೆರವಾಗಲೆಂದು ಶಅಬ್ ಅಲಿ ಹವಳದಿಬ್ಬದ ಬಳಿ ಕಾಯುತ್ತಿತ್ತು. 1941ರ ಅಕ್ಟೋಬರ್ 6ರ ನಡುರಾತ್ರಿ ದಾಟಿದ ಮೇಲೆ ಜರ್ಮನ್ ವಿಮಾನದ ಬಾಂಬು ಬಿದ್ದು ಮದ್ದುಗುಂಡು ಸಿಡಿಯಿತು. ಒಂಬತ್ತು ಮಂದಿ ಸತ್ತರು. 1950ರ ದಶಕದಲ್ಲಿ ಫ್ರಾನ್ಸಿನ ಸಾಗರ ಶೋಧಕ ಜಾಕ್ ಕುಸ್ಟೊ ತಂಡ ಪತ್ತೆಹಚ್ಚಿ, ಹಡಗಿನ ಗಂಟೆಯನ್ನೂ ಒಂದು ಮೋಟಾರ್‌ಸೈಕಲ್ಲನ್ನೂ ಮೇಲೆತ್ತಿಕೊಂಡಿತು. ಆಮೇಲೆ ಜಾಗ ಮರೆತೇಹೋಗಿ, 1990ರ ದಶಕದಲ್ಲಿ ಶರ್ಮ್ ಎಲ್ ಶೇಖ್‌ನ ಬೋಟುಗಳು ಅಲ್ಲಿಗೆ ಸಾಲುಗಟ್ಟಿದವು.

ಬೋಟು ನಿಲ್ಲಿಸುವ ಕ್ರಮ ಸರಳ. ಗೈಡ್ ಹಗ್ಗ ಹಿಡಿದು ಮೊದಲು ಧುಮುಕುತ್ತಾನೆ. ಹಗ್ಗ ಸುತ್ತುವ ವಿಂಚ್ ಯಂತ್ರವೋ, ಕಂಬವೋ, ಕಟಕಟೆಯೋ, ಗಟ್ಟಿ ಕಂಡದ್ದಕ್ಕೆ ಬಿಗಿಯುತ್ತಾನೆ. ತಡವಾಗಿ ಬಂದ ಬೋಟು ಮೊದಲಿನದರ ಬೆನ್ನಿಗೆ ಕಟ್ಟಿಕೊಳ್ಳುತ್ತದೆ. ಅಲ್ಲಿ ಗಾಳಿಯೂ ಜೋರು, ಸೆಳವೂ ಜೋರು. ಅಲೆ ಎದ್ದಾಗಲೆಲ್ಲ ಅಷ್ಟೂ ಬೋಟುಗಳ ಜಗ್ಗಾಟ ತುಕ್ಕು ತಿಂದ ಒಂದೇ ತುಂಡಿನ ಮೇಲೆ. ಕಟಕಟೆ ಕಿತ್ತುಬಂದರೆ ನಾಳೆಯ ಹಗ್ಗ ಡೆಕ್ಕಿನ ಇನ್ನೊಂದು ಭಾಗಕ್ಕೆ. ಲಾರಿಗಳ ಸ್ಟಿಯರಿಂಗ್, ಲಾಂಛನಗಳನ್ನು ಕಿಸೆಗೆ ಹಾಕಿಕೊಂಡು ಹೋದವರ ಬಗ್ಗೆ ಕೂಗು ಜಾಸ್ತಿ. ಅದು ಕಳವು, ಸರಿ. ಆದರೆ ಹಡಗಿನ ಮೈಯನ್ನೇ ಹರಿಯುವುದು ಹಗ್ಗ.

ಹಾಗಾದರೆ ಕಾಂಕ್ರೀಟ್ ದಿಮ್ಮಿ ಇಳಿಸಿ, ಬೋಟು ಕಟ್ಟಿಕೊಳ್ಳಲು ಅದಕ್ಕೊಂದು ಬೋಯ್ (ತೇಲುಬುರುಡೆ) ತೇಲಿಸಿದರಾಯಿತಲ್ಲ? ದಡದಲ್ಲಿ 1000 ಕಿಲೋ ತೂಗುವ ದಿಮ್ಮಿ ಉಪ್ಪುನೀರಿನಲ್ಲಿ 570 ಕಿಲೋ ಅಷ್ಟೇ. ಹಗ್ಗ ಗಿಡ್ಡವಾದರೆ ಎಳೆತ ಅಡ್ಡಕ್ಕಿರದೆ ಮೇಲ್ಮುಖವಾಗಿ, ದಿಮ್ಮಿ ತುಸುತುಸುವೇ ನಡೆಯುತ್ತದೆ. ಉದ್ದವಾದರೆ ಬೋಟು ದೊಡ್ಡ ಸುತ್ತು ಹೊಡೆದು ಪಕ್ಕದ ಬೋಟಿಗೆ ತಾಗುತ್ತದೆ. ದೂರ ಹಾಕಿದರೆ ಸೆಳವಿಗೆದುರಾಗಿ ಈಜುವಷ್ಟರಲ್ಲೇ ಡೈವರ್‌ನ ಸಿಲಿಂಡರ್ ಅರ್ಧ ಖಾಲಿ. 2007–08ರಲ್ಲಿ ಹುರ್ಗಡಾದ ಪರಿಸರ ಸಂಸ್ಥೆ ಹೆಪ್ಕಾ ಕೆಲವು ಕಾಲ ಡೈವಿಂಗ್ ನಿಲ್ಲಿಸಿ ಮೂರಿಂಗ್‌ಗಳನ್ನು, ಅಂದರೆ ಬೋಟು ಕಟ್ಟುವ ಕಾಯಂ ಏರ್ಪಾಡುಗಳನ್ನು, ಹಾಕಿಸಿತು. ಅವು ಬಹಳ ಕಾಲ ಬಾಳಲಿಲ್ಲ. ಹಗ್ಗ ಮತ್ತೆ ಹಡಗಿಗೇ ಬಂತು.

ಅದೇ ಹೊತ್ತಿಗೆ ಹಡಗಿನ ಮೈಗೆ ತೂತುಗಳನ್ನೂ ಕೊರೆದರು. ಉಳಿಸಲು ಹೊರಟವರು ಕೊರೆಯುವುದೇ ಎಂದು ಹುಬ್ಬೇರಿಸಬೇಡಿ, ಲೆಕ್ಕ ಹಾಕಿ. ಒಬ್ಬ ಡೈವರ್ ಒಳಗೆ ನಿಮಿಷಕ್ಕೆ ಸುಮಾರು 20 ಲೀಟರ್ ಉಸಿರು ಬಿಟ್ಟರೆ, ಇಪ್ಪತ್ತು ಮಂದಿ ಹತ್ತು ನಿಮಿಷ ಸುತ್ತಾಡಿದಾಗ 4000 ಲೀಟರ್. ಸಂದಿ ಸಿಕ್ಕ ಗಾಳಿ ಹೊರಟುಹೋಗುತ್ತದೆ, ಉಳಿದದ್ದು ಚಾವಣಿಗೆ ಅಂಟಿ ನಿಲ್ಲುತ್ತದೆ. ಬಿಟ್ಟ ಉಸಿರಿನಲ್ಲೂ ಆಮ್ಲಜನಕ ಸಾಕಷ್ಟಿರುತ್ತದೆ. ಆಳ ಹೆಚ್ಚಿದಷ್ಟೂ ಅದರ ಪಾಲು ಹೆಚ್ಚು, ಸಿಲಿಂಡರಿನಲ್ಲಿ ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಇದ್ದರಂತೂ ಇನ್ನೂ ಹೆಚ್ಚು. ಉಪ್ಪುನೀರು, ಗಾಳಿ, ಕಬ್ಬಿಣ ಮೂರೂ ಒಂದೆಡೆ ಸೇರಿದ ಮೇಲೆ ತುಕ್ಕಿಗೆ ಇನ್ನೇನು ಬೇಕು? ಕೆಳಗಿನಿಂದ ನುಗ್ಗುವ ಗುಳ್ಳೆಗಳು ಹಳೇ ತುಕ್ಕಿನ ಪದರವನ್ನು ಉದುರಿಸಿ ಹೊಸ ಕಬ್ಬಿಣವನ್ನು ಬಯಲಿಗೆಳೆಯುತ್ತವೆ. ಸಿಕ್ಕಿಬಿದ್ದ ಗಾಳಿ ಹೊರಹೋಗಲೆಂದೇ ಆ ತೂತುಗಳು.

ಕಾನೂನಿನ ಕಡೆ ನೋಡಿದರೆ, ನೀರಡಿಯ ಪರಂಪರೆಗೆ ಯುನೆಸ್ಕೋ 2001ರಲ್ಲಿ ರೂಪಿಸಿದ, 2009ರಲ್ಲಿ ಜಾರಿಗೆ ಬಂದ ಒಪ್ಪಂದವಿದೆ. ಇದ್ದಲ್ಲೇ ಉಳಿಸುವುದು ಅದರ ಮೊದಲ ಆಯ್ಕೆ. ಹಾನಿಯಾಗದಂತೆ ಜನ ಹೋಗಿ ನೋಡುವುದಕ್ಕೆ ಅದು ಉತ್ತೇಜನವನ್ನೇ ಕೊಡುತ್ತದೆ. ಆದರೆ ಕನಿಷ್ಠ 100 ವರ್ಷ ನೀರಿನಲ್ಲಿರಬೇಕು. ಥಿಸಲ್‌ಗಾರ್ಮ್‌ಗೆ ಆ ವಯಸ್ಸು ತುಂಬುವುದು 2041ರಲ್ಲಿ. ಅಷ್ಟರವರೆಗೆ ಇರುವ ದಾಖಲೆಯೆಂದರೆ 2017ರಲ್ಲಿ ನಾಟಿಂಗ್‌ಹ್ಯಾಮ್, ಐನ್ ಶಮ್ಸ್, ಅಲೆಕ್ಸಾಂಡ್ರಿಯಾ ವಿಶ್ವವಿದ್ಯಾಲಯಗಳವರು 24,000ಕ್ಕೂ ಹೆಚ್ಚು ಫೋಟೋ ಜೋಡಿಸಿ ಮಾಡಿದ ತ್ರಿಆಯಾಮದ ಮಾದರಿ. ಯಾವ ತಗಡು ಕುಸಿಯಿತು, ಯಾವ ಹ್ಯಾಂಡಲ್ ಮಾಯವಾಯಿತು ಎಂದು ಇನ್ನು ತಾಳೆ ನೋಡಬಹುದು.

ಮೂರಿಂಗ್ ಒಮ್ಮೆ ಹಾಕಿ ಮರೆಯುವ ವಸ್ತುವಲ್ಲ. ಸರಪಳಿ ಮರಳಿಗೆ ಉಜ್ಜುವಲ್ಲಿ ಮೊದಲು ಸವೆಯುತ್ತದೆ. ಹಗ್ಗದ ನಡುವೆ ಸಣ್ಣ ತೇಲು ಕಟ್ಟಿ ಸರಪಳಿಯನ್ನು ನೆಲದಿಂದ ಎತ್ತಿ ಹಿಡಿಯಬೇಕು. ಸರಪಳಿ ಜೋಡಿಸುವ ಕೊಂಡಿ ಶ್ಯಾಕಲ್‌ನ ಪಿನ್ನನ್ನು ತಂತಿ ಸುತ್ತಿ ಭದ್ರ ಮಾಡದಿದ್ದರೆ ಅಲುಗಾಟಕ್ಕೆ ತಿರುಗಿ ತಿರುಗಿ ಬಿಚ್ಚಿಕೊಳ್ಳುತ್ತದೆ. ಆಗಾಗ ಯಾರಾದರೂ ಇಳಿದು ಇಷ್ಟನ್ನೂ ನೋಡಬೇಕು, ಸವೆದದ್ದನ್ನು ಬದಲಿಸಬೇಕು, ಅವರಿಗೆ ಕೂಲಿ ಕೊಡಬೇಕು. ಹಡಗಿನ ಹೆಸರಲ್ಲಿ ಟಿಕೆಟ್ ಹರಿಯುವಾಗಲೇ ಇದಕ್ಕೆಂದು ಒಂದಿಷ್ಟು ತೆಗೆದಿಡುವುದು ಕಷ್ಟದ ಲೆಕ್ಕವೇನಲ್ಲ.