ದಿಹ್ಕಾನ್: ಭೂಮಾಲೀಕನಿಂದ ಗೇಣಿದಾರನವರೆಗೆ

ಅರಬ್ಬಿಯ ಹಳೆಯ ನಿಘಂಟುಗಳಲ್ಲಿ ‘ದಿಹ್ಕಾನ್’ ಎಂದರೆ ಊರಿನ ಮುಖಂಡ, ಭೂಮಾಲೀಕ. ಅಫ್ಘಾನಿಸ್ತಾನದ ಪಶ್ತೋ ಭಾಷೆ ಆಡುವ ಹಳ್ಳಿಗಳಲ್ಲಿ ‘ದೆಹ್ಕಾನ್’ ಹೊಲದಲ್ಲಿ ದುಡಿಯುವ ರೈತ. ಹಲವೆಡೆ ಬೇರೆಯವರ ಜಮೀನನ್ನು ಪಾಲಿಗೆ ಮಾಡುವವನು. ಎರಡಕ್ಕೂ ಮೂಲ ಒಂದೇ ಪಾರಸಿ ಪದ.

ಆ ಮೂಲ ಪಾರಸಿಯ ಹಿಂದಿನ ರೂಪವಾದ ಪಹ್ಲವಿಯ ‘ದೆಹ್ಗಾನ್’. ಇದರಲ್ಲಿನ ‘ದೆಹ್’ ಮೊದಲು ನಾಡು ಎಂಬ ಅರ್ಥದಲ್ಲಿದ್ದು, ಬರಬರುತ್ತ ಹಳ್ಳಿ ಎಂಬಷ್ಟಕ್ಕೆ ಕಿರಿದಾಯಿತು. ಹಿಂದಿಯ ‘ದೇಹಾತ್’ ಇದೇ ಬೇರಿನದು. ಹಳೆಯ ಪಾರಸಿಯ ‘ದಹ್ಯು’ವಿನ ಮೂಲಕ ಇದು ಸಂಸ್ಕೃತದ ‘ದಸ್ಯು’ವಿಗೂ ನಂಟುಳ್ಳದ್ದೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ, ಅರ್ಥಗಳು ಮಾತ್ರ ಎಲ್ಲಿಂದೆಲ್ಲಿಗೋ ಸರಿದಿವೆ.

ಅರಬರಿಗಿಂತ ಮುಂಚೆ ಇರಾನನ್ನಾಳಿದ ಸಾಸಾನಿ ಅರಸರ ಕಾಲದಲ್ಲಿ, ವಿಶೇಷವಾಗಿ ಒಂದನೆಯ ಖುಸ್ರೋವಿನ (531–579) ಸುಧಾರಣೆಗಳ ಬಳಿಕ, ಹಳ್ಳಿಗಳನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಸಣ್ಣ ಜಮೀನ್ದಾರರಿಗೆ ಈ ಹೆಸರಿತ್ತು. ಏಳನೆಯ ಶತಮಾನದಲ್ಲಿ ಅರಬರು ಇರಾನನ್ನು ಗೆದ್ದಾಗ ಕಂದಾಯ ಎತ್ತಲು ಅವರಿಗೆ ಬೇಕಾದವರೂ ಇವರೇ. ಆದ್ದರಿಂದ ಅನೇಕರ ಜಮೀನು, ಅಧಿಕಾರಗಳು ಉಳಿದವು, ಹೆಸರು ಅರಬ್ಬಿಗೆ ಬಂದಿತು. ಆ ಭಾಷೆಯಲ್ಲಿ ‘ಗ’ಕಾರಕ್ಕೆ ಸರಿಯಾದ ಅಕ್ಷರವಿಲ್ಲದ್ದರಿಂದ ಅದರ ಜಾಗದಲ್ಲಿ ಗಂಟಲಿನಾಳದ ‘ಕ’ಕಾರ ನಿಂತಿತು. ಅರಬ್ಬಿ ಪದವನ್ನು ಪೂರ್ತಿ ತನ್ನದಾಗಿಸಿಕೊಂಡು ‘ದಹಾಕೀನ್’ ಎಂಬ ಬಹುವಚನವನ್ನೂ, ದಿಹ್ಕಾನನಂತೆ ವರ್ತಿಸು ಎಂಬರ್ಥದ ‘ತದಹ್ಕನ’ ಎಂಬ ಕ್ರಿಯಾಪದವನ್ನೂ ಕಟ್ಟಿಕೊಂಡಿತು. ಕೊನೆಯ ‘ನ್’ ಧಾತುವಿನದೋ ಪ್ರತ್ಯಯದ್ದೋ ಎಂಬುದು, ಸ್ವತಃ ಪಾರಸಿ ಮೂಲದವನಾದ ಸೀಬವೈಹಿಯೂ ಸೇರಿದಂತೆ, ವೈಯಾಕರಣರ ಚರ್ಚೆಗೆ ವಸ್ತುವಾಯಿತು. ವರ್ತಕ, ವ್ಯವಹಾರಚತುರ ಎಂಬ ಅರ್ಥಗಳೂ ಸೇರಿಕೊಂಡವು.

ಇಲ್ಲಿ ನಡೆದ ಕೌತುಕವೆಂದರೆ, ಪಾರಸಿಯೇ ತನ್ನ ಪದವನ್ನು ಅರಬ್ಬಿಯ ಉಡುಪಿನಲ್ಲಿ, ‘ದೆಹ್ಕಾನ್’ ಎಂದು, ಮರಳಿ ಪಡೆಯಿತು. 1010ರಲ್ಲಿ ಮುಗಿದ ‘ಶಾಹ್‌ನಾಮೆ’ಯ ಕವಿ ಫಿರ್ದೌಸಿ ಈ ವರ್ಗದವನೇ, ಅವನ ಕಾವ್ಯದಲ್ಲಿ ದೆಹ್ಕಾನ್ ಹಳೆಯ ಕಥೆಗಳನ್ನು ಬಲ್ಲವನು, ಕೆಲವೆಡೆ ಅರಬನೂ ತುರ್ಕನೂ ಅಲ್ಲದ ಇರಾನಿ. ಹನ್ನೊಂದನೆಯ ಶತಮಾನದಿಂದೀಚೆಗೆ, ಸೈನಿಕರಿಗೆ ಭೂಕಂದಾಯವನ್ನೇ ಸಂಬಳವಾಗಿ ಬಿಟ್ಟುಕೊಡುವ ಪದ್ಧತಿ ಹಬ್ಬಿದಂತೆ ಆ ವರ್ಗ ಕರಗಿತು, ಹೆಸರು ಉಳುವವನ ಪಾಲಿಗೆ ಉಳಿಯಿತು.

ಪಶ್ತೋಗೆ ತಲುಪಿದ್ದು ಹೀಗೆ ಇಳಿದ ಅರ್ಥ. ಅಲ್ಲಿ ರೈತನಿಗೆ ‘ಬಜ಼್ಗರ್’ ಎಂಬ ಪದವೂ ಬಳಕೆಯಲ್ಲಿದೆ. ಆದರೂ ಅಫ್ಘಾನಿಸ್ತಾನದಲ್ಲಿ ಹೊಸವರ್ಷದ ಮೊದಲ ದಿನ ಆಚರಿಸುತ್ತ ಬಂದ ರೈತರ ಹಬ್ಬ ‘ಜಶ್ನೆ ದೆಹ್ಕಾನ್’ ಎಂದೇ ಹೆಸರಾಗಿದೆ.