ಸಂಗಾತಿ ಹೋದ ಮೇಲಿನ ಆರು ತಿಂಗಳು

'ಸಾವಿನಲ್ಲೂ ಒಂದಾದ ದಂಪತಿ'. ನಮ್ಮ ಕೊಪ್ಪಳ, ರಾಯಚೂರು ಕಡೆ ಪೇಪರಿನ ಜಿಲ್ಲಾ ಪುಟದಲ್ಲಿ ಈ ತಲೆಬರಹ ಆಗಾಗ ಬರುತ್ತದೆ. ಬೆಳಗ್ಗೆ ಗಂಡ ತೀರಿಕೊಂಡರು, ಸಂಜೆಯೊಳಗೆ ಹೆಂಡತಿ. ಓದಿದವರು 'ಪುಣ್ಯವಂತರು' ಅಂತ ಕೈ ಮುಗಿದು ಮುಂದಿನ ಸುದ್ದಿಗೆ ಹೋಗುತ್ತಾರೆ. ಆ ಎರಡನೇ ಸಾವು ಯಾಕಾಯಿತು ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು ಅನ್ನುವುದು ನನ್ನ ಆಸೆ.

ಯಲಬುರ್ಗಾ ತಾಲೂಕಿನ ನಮ್ಮೂರಲ್ಲಿ ಎದುರುಮನೆಯ ಅಜ್ಜ-ಅಜ್ಜಿ ಹೀಗೇ ಹೋದವರು. ಎರೆಹೊಲದಲ್ಲಿ ಬಿಳಿಜೋಳ, ಕಡಲೆ ಬೆಳೆದು ಮಕ್ಕಳನ್ನು ದಡ ಮುಟ್ಟಿಸಿದ್ದರು. ಮಕ್ಕಳು ದುಡಿಯಲು ಬೆಂಗಳೂರು ಸೇರಿದ್ದರು. ಅಜ್ಜನಿಗೆ ಬಿಪಿ ಇತ್ತು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಹಸಿರು ಪಟ್ಟಿಯ ಗುಳಿಗೆ ಬೆಳಗ್ಗೆ, ಬೆಳ್ಳಿ ಬಣ್ಣದ್ದು ರಾತ್ರಿ ಅಂತ ಗುರುತು ಇಟ್ಟುಕೊಂಡಿದ್ದರು. ರೊಟ್ಟಿಯ ತಾಟಿನ ಅಂಚಿಗೆ ಗುಳಿಗೆ ಇಟ್ಟು, ಅಜ್ಜ ನುಂಗುವ ತನಕ ಎದುರಿಗೇ ಕೂರುತ್ತಿದ್ದರು.

ಮೊದಲು ಹೋದದ್ದು ಅಜ್ಜಿ. ಎರಡು ತಿಂಗಳಾಗುವಷ್ಟರಲ್ಲಿ ಅಜ್ಜನೂ ಹೋದರು. 'ಅಜ್ಜಿ ಕರಕೊಂಡು ಹೋದ್ಲು ನೋಡ್ರಿ' ಅಂದರು ಓಣಿಯವರು. ಆಮೇಲೆ ಮಗಳು ಮನೆ ಸ್ವಚ್ಛ ಮಾಡುವಾಗ ಗೋಡೆಯ ಗೂಡಿನಲ್ಲಿ ಗುಳಿಗೆ ಪಟ್ಟಿಗಳು ಸಿಕ್ಕವು. ಹೆಚ್ಚೂ ಕಡಿಮೆ ತುಂಬಿದ್ದವು.

ಸಂಗಾತಿಯ ಸಾವಿನ ಹಿಂದೆಯೇ ಬರುವ ಸಾವನ್ನು ವಿಜ್ಞಾನಿಗಳು ಬಹಳ ಹಿಂದಿನಿಂದ ಲೆಕ್ಕ ಹಾಕುತ್ತಿದ್ದಾರೆ. ಇಂಗ್ಲೆಂಡಿನ ಮನೋವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್ ಮತ್ತು ಜೊತೆಗಾರರು 1969ರಲ್ಲಿ ಒಂದು ವರದಿ ಪ್ರಕಟಿಸಿದರು. ಹೆಂಡತಿ ತೀರಿಕೊಂಡ, 55 ವರ್ಷ ದಾಟಿದ 4,486 ಗಂಡಸರ ಲೆಕ್ಕ ಅದು. ಮೊದಲ ಆರು ತಿಂಗಳಲ್ಲಿ 213 ಜನ ತೀರಿಕೊಂಡಿದ್ದರು. ಅದೇ ವಯಸ್ಸಿನ, ಹೆಂಡತಿ ಇರುವ ಗಂಡಸರಿಗಿಂತ ಇದು ಶೇ 40ರಷ್ಟು ಜಾಸ್ತಿ. ಕಾರಣಗಳಲ್ಲಿ ಹೃದಯದ ಕಾಯಿಲೆಯೇ ಎದ್ದು ಕಾಣುತ್ತಿತ್ತು. ಅಮೆರಿಕದಲ್ಲಿ 3,73,189 ಹಿರಿಯ ಜೋಡಿಗಳನ್ನು ಗಮನಿಸಿದ 2008ರ ಅಧ್ಯಯನದಲ್ಲೂ ಇದೇ ಕಂಡಿತು. ಹೆಂಡತಿ ಹೋದರೆ ಗಂಡನ ಸಾವಿನ ಅಪಾಯ ಶೇ 18ರಷ್ಟು, ಗಂಡ ಹೋದರೆ ಹೆಂಡತಿಯದು ಶೇ 16ರಷ್ಟು ಏರುತ್ತಿತ್ತು.

ದುಃಖ ಬರೀ ಮನಸ್ಸಿನೊಳಗೆ ಇರುವುದಿಲ್ಲ ಅಲ್ವಾ? ಆಘಾತವಾದಾಗ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ನುಗ್ಗುತ್ತವೆ. ಬಿಪಿ ಏರುತ್ತದೆ, ಎದೆಬಡಿತ ಜೋರಾಗುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವಂತಾಗುತ್ತದೆ. ರಕ್ತನಾಳ ಮೊದಲೇ ಕಿರಿದಾಗಿದ್ದರೆ ಅಷ್ಟು ಸಾಕು. ಕೆಲವರಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ರಕ್ತನಾಳ ಎಲ್ಲೂ ಕಟ್ಟಿರುವುದಿಲ್ಲ, ಆದರೂ ಹೃದಯದ ಎಡ ಕೋಣೆಯ ತುದಿ ಸುಮ್ನೆ ಊದಿಕೊಂಡು ನಿಂತುಬಿಡುತ್ತದೆ. ಬಾಯಿ ಕಿರಿದು, ಹೊಟ್ಟೆ ಅಗಲವಾದ ಗಡಿಗೆಯ ಹಾಗೆ ಕಾಣುತ್ತದೆ. 1990ರಲ್ಲಿ ಜಪಾನಿನ ವೈದ್ಯರು ಇದನ್ನು ವಿವರಿಸಿ 'ಟಕೋತ್ಸುಬೊ', ಅಂದರೆ ಆಕ್ಟೋಪಸ್ ಹಿಡಿಯುವ ಗಡಿಗೆ, ಎಂದು ಹೆಸರಿಟ್ಟರು. ಇದಕ್ಕೆ ತುತ್ತಾಗುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಹೆಂಗಸರು, ಅದರಲ್ಲೂ ಮುಟ್ಟು ನಿಂತವರು. ಎದೆನೋವು, ಉಸಿರಾಟದ ಕಷ್ಟ ಎಲ್ಲಾ ಹೃದಯಾಘಾತದ ಹಾಗೇ ಇರುತ್ತದೆ. ಸಮಯಕ್ಕೆ ಆಸ್ಪತ್ರೆ ಸಿಕ್ಕರೆ ಬಹುತೇಕರ ಹೃದಯ ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತದೆ. ನಮ್ಮಲ್ಲಿ ಮಾತ್ರ, ಸಾವಿನ ಮನೆಯಲ್ಲಿ ಅಜ್ಜಿ ಎದೆ ಹಿಡಿದುಕೊಂಡು ಕೂತರೆ 'ಅತ್ತು ಅತ್ತು ಸುಸ್ತಾಗಿದಾಳ' ಅಂತ ನೀರು ಕೊಟ್ಟು ಮಲಗಿಸುತ್ತಾರೆ. ಇದು ನನಗೆ ತುಂಬಾ ಸಂಕಟದ ವಿಷಯ.

ಹಾಗಂತ ಹೆದರಬೇಕಿಲ್ಲ. ಬ್ರಿಟನ್‌ನಲ್ಲಿ ಸಂಗಾತಿ ಕಳೆದುಕೊಂಡ, 60ರಿಂದ 89 ವಯಸ್ಸಿನ 30,447 ಜನರನ್ನು ಗಮನಿಸಿದ 2014ರ ಅಧ್ಯಯನವಿದೆ. ಮೊದಲ ಮೂವತ್ತು ದಿನಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದದ್ದು ಹತ್ತು ಸಾವಿರಕ್ಕೆ 16 ಜನರಿಗೆ. ಸಂಗಾತಿ ಕಳೆದುಕೊಳ್ಳದವರಲ್ಲಿ ಅದು 8. ಅಪಾಯ ಎರಡು ಪಟ್ಟು, ಆದರೆ ಒಟ್ಟು ಸಂಖ್ಯೆ ಚಿಕ್ಕದು. ಒಬ್ಬರೇ ಉಳಿದೂ ಹಲವು ವರ್ಷ ಬಾಳುವವರೇ ಹೆಚ್ಚು.

ಹಾರ್ಮೋನಿನಷ್ಟೇ ದೊಡ್ಡ ಕಾರಣ ದಿನಚರಿ ಅಂತ ನನಗನ್ನಿಸುತ್ತದೆ. ಹೆಂಡತಿ ಹೋದರೆ ಹೊತ್ತಿಗೆ ಸರಿಯಾಗಿ ರೊಟ್ಟಿ ಇಲ್ಲ, ಗುಳಿಗೆ ನೆನಪಿಸುವವರಿಲ್ಲ, 'ಯಾಕ ಮುಖ ಬಾಡೇತಿ' ಅಂತ ಕೇಳುವವರಿಲ್ಲ. ಗಂಡ ಹೋದರೆ ದವಾಖಾನೆಗೆ ಜೊತೆಗೆ ಬರುವವರಿಲ್ಲ. ಹನ್ನೊಂದನೇ ದಿನದ ಕಾರ್ಯ ಮುಗಿಯುವವರೆಗೆ ಮನೆ ತುಂಬಾ ಜನ. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಹಿಡಿದು ನಿಂತ ಮಕ್ಕಳು. ಅಪಾಯದ ತಿಂಗಳುಗಳು ಇನ್ನೂ ಮುಂದೆ ಬಾಕಿ ಇರುತ್ತವೆ. ಮಕ್ಕಳು ಊರು ಬಿಡುವ ಮುಂಚೆ ಗುಳಿಗೆ ಪಟ್ಟಿಗಳನ್ನು ತೆಗೆದು ನೋಡಿ, ಯಾವುದು ಯಾವಾಗ ಅಂತ ಪಕ್ಕದ ಮನೆಯವರಿಗೋ ಆಶಾ ಕಾರ್ಯಕರ್ತೆಗೋ ಹೇಳಿಟ್ಟು ಹೋದರೆ ದೊಡ್ಡ ಉಪಕಾರ.

ಸಾವಿಗೂ ಮುಂಚೆಯೇ ಈ ಅಪಾಯ ಶುರುವಾಗುತ್ತದೆ ಎನ್ನುವುದು ಇನ್ನೊಂದು ವಿಷಯ. ಅಮೆರಿಕದ 5,18,240 ಹಿರಿಯ ಜೋಡಿಗಳ 2006ರ ಅಧ್ಯಯನದಲ್ಲಿ, ಒಬ್ಬರು ಆಸ್ಪತ್ರೆ ಸೇರಿದರೆ ಸಾಕು, ಇನ್ನೊಬ್ಬರ ಅಪಾಯವೂ ಏರುವುದು ಕಂಡಿತು. ಮರೆವಿನ ಕಾಯಿಲೆಯಾದರೆ ಏರಿಕೆ ಜಾಸ್ತಿ, ದೊಡ್ಡ ಕರುಳಿನ ಕ್ಯಾನ್ಸರ್ ಆದರೆ ಹೆಚ್ಚು ವ್ಯತ್ಯಾಸವಿರಲಿಲ್ಲ. ಹಾಗಾಗಿ ಜಿಲ್ಲಾಸ್ಪತ್ರೆಯಲ್ಲಿ ಅಜ್ಜನ ಬಿಪಿ ನೋಡುವ ನರ್ಸ್, ಬುತ್ತಿ ತಂದು ಮಂಚದ ಪಕ್ಕ ಕೂತ ಅಜ್ಜಿಯ ತೋಳಿಗೂ ಅದೇ ಪಟ್ಟಿ ಸುತ್ತಿ ನೋಡಿಬಿಡಬಹುದು. ಎರಡು ನಿಮಿಷದ ಕೆಲಸ.